ಅತಿ ಉಪ್ಪಿನ ಕೊಳಗಳ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿ ವೈವಿಧ್ಯ: ಅಧ್ಯಯನಕ್ಕೆ ಒಂದು ಮಾರ್ಗದರ್ಶಿ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ನೀರು ಉಪ್ಪಿನ ಆಗರದ ಒಂದು ಕೊಳದಿಂದ ಮತ್ತೊಂದಕ್ಕೆ ಹರಿದು ಬಿಸಿಲಿಗೆ ಆವಿಯಾಗುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಲೀಟರಿಗೆ 150 ಗ್ರಾಂ ಆಸುಪಾಸಿನಲ್ಲಿ ಜಿಪ್ಸಂ, 300 ಗ್ರಾಂ ದಾಟಿದ ಮೇಲೆ ಸೋಡಿಯಂ ಕ್ಲೋರೈಡ್, ಹೀಗೆ ಒಂದೊಂದಾಗಿ ಹರಳುಗಟ್ಟಿ ತಳಕ್ಕೆ ಇಳಿಯುತ್ತವೆ. ಕೊನೆಯ ಕೊಳಗಳ ನೀರು ಕೆಂಪಾಗಿ ಕಾಣುವುದಕ್ಕೆ ಅಲ್ಲಿ ಬೆಳೆಯುವ ಆರ್ಕಿಯಾಗಳ (ಬ್ಯಾಕ್ಟೀರಿಯಾಗಳಂತೆ ಕಂಡರೂ ಅವುಗಳಿಂದ ಬೇರೆಯಾದ ಏಕಕೋಶ ಜೀವಿಗಳ) ಬಣ್ಣದ್ರವ್ಯವೂ ಡುನಾಲಿಯೆಲ್ಲಾ ಸಲೀನಾ ಎಂಬ ಪಾಚಿಯ ಬೀಟಾ ಕ್ಯಾರೋಟೀನೂ ಕಾರಣ. ಈ ಕೆಂಪು ನೀರಿನಲ್ಲಿ ಜೀವಿಗಳ ಸಂಖ್ಯೆ ಬಹಳ, ಬಗೆಗಳು ಮಾತ್ರ ಕಡಿಮೆ. ಚಪ್ಪಟೆ ಚೌಕಾಕಾರದ ಹ್ಯಾಲೊಕ್ವಾಡ್ರೇಟಮ್ ವಾಲ್ಸ್‌ಬಿ ಎಂಬ ಆರ್ಕಿಯಾ, ಸಲಿನಿಬ್ಯಾಕ್ಟರ್ ರೂಬರ್ ಎಂಬ ಬ್ಯಾಕ್ಟೀರಿಯಾ ಮತ್ತು ಇವುಗಳ ಕೆಲವು ಬಂಧುಗಳೇ ಅಲ್ಲಿ ಮೇಲುಗೈ ಸಾಧಿಸಿರುತ್ತವೆ.

ಇದನ್ನು ನೋಡಿ, ಉಪ್ಪು ಹೆಚ್ಚಿದಷ್ಟೂ ವೈವಿಧ್ಯ ಕುಗ್ಗುತ್ತದೆ ಎಂಬ ತೀರ್ಮಾನವನ್ನು ಕೊಳದ ತಳಕ್ಕೂ ಹಾಗೆಯೇ ಅನ್ವಯಿಸುವವರಿದ್ದಾರೆ. ಅದು ಸರಿಯಲ್ಲ. ಕೆಸರಿನಲ್ಲಿ ಬೆಳಕು, ಆಮ್ಲಜನಕ ಮತ್ತು ಸಲ್ಫೈಡ್ ಮಿಲಿಮೀಟರ್ ಮಿಲಿಮೀಟರಿಗೂ ಬದಲಾಗುತ್ತವೆ, ಪ್ರತಿ ಪದರಕ್ಕೂ ಬೇರೆಯದೇ ವಾಸಿಗಳಿರುತ್ತಾರೆ. ಮೆಕ್ಸಿಕೊದ ಗೆರೆರೊ ನೆಗ್ರೊ ಆಗರದ ಸೂಕ್ಷ್ಮಜೀವಿ ಚಾಪೆಗಳನ್ನು (ತಳದ ಮೇಲೆ ಪದರಪದರವಾಗಿ ಹೆಣೆದುಕೊಂಡ ಜೀವಿಗಳ ಹಾಸುಗಳನ್ನು) ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವು ಬ್ಯಾಕ್ಟೀರಿಯಾಗಳ 40ಕ್ಕೂ ಹೆಚ್ಚು ಮುಖ್ಯ ವಿಭಾಗಗಳನ್ನು ಒಂದೇ ತಾಣದಲ್ಲಿ ಗುರುತಿಸಿತು. ಅವುಗಳಲ್ಲಿ ಹಲವು ಅದುವರೆಗೆ ಎಲ್ಲಿಯೂ ದಾಖಲಾಗಿರಲಿಲ್ಲ.

ಈ ಕೆಸರನ್ನು ಮೊದಲ ಬಾರಿಗೆ ಅಧ್ಯಯನಕ್ಕೆ ಎತ್ತಿಕೊಳ್ಳುವ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಈ ಲೇಖನ. ಮಣ್ಣಿಗೋ ಸಿಹಿನೀರಿನ ಕೆರೆಯ ಹೂಳಿಗೋ ರೂಪಿಸಿದ ವಿಧಾನವನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸಿದರೆ ಪ್ರತಿ ಹಂತದಲ್ಲೂ ಉಪ್ಪು ಫಲಿತಾಂಶವನ್ನು ಕೆಡಿಸುತ್ತದೆ, ಮತ್ತು ಬಹಳ ಸಲ ಅದು ಕೆಟ್ಟಿದೆ ಎಂಬುದು ತಿಳಿಯುವುದೂ ಇಲ್ಲ. ಆದ್ದರಿಂದ ಯಾವ ಹಂತದಲ್ಲಿ ಉಪ್ಪು ಏನು ಮಾಡುತ್ತದೆ ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಕೊಳಗಳ ಆಯ್ಕೆ

ಒಂದೇ ಕೊಳದ ಒಂದೇ ಮಾದರಿಯಿಂದ ವೈವಿಧ್ಯದ ಬಗ್ಗೆ ಹೇಳಲು ಸಾಧ್ಯವಾಗುವುದು ಅತ್ಯಲ್ಪ. ಆಗರದ ಅನುಕೂಲವೆಂದರೆ ಒಂದೇ ಮೂಲದ ನೀರು ಬೇರೆ ಬೇರೆ ಸಾಂದ್ರತೆಯಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತದೆ. ಆದ್ದರಿಂದ ಲೀಟರಿಗೆ 60ರಿಂದ 100 ಗ್ರಾಂ ಲವಣವಿರುವ ಒಂದು ಕೊಳ, ಜಿಪ್ಸಂ ಕಟ್ಟುವ ಒಂದು ಕೊಳ, ಉಪ್ಪು ಹರಳುಗಟ್ಟುವ ಒಂದು ಕೊಳ, ಇಷ್ಟನ್ನಾದರೂ ಆರಿಸಿಕೊಳ್ಳಬೇಕು. ಪ್ರತಿ ಕೊಳದಲ್ಲೂ ಪರಸ್ಪರ ಕೆಲವು ಮೀಟರ್ ಅಂತರದಲ್ಲಿ ಕನಿಷ್ಠ ಮೂರು ಕಡೆ ಮಾದರಿ ತೆಗೆಯಬೇಕು. ಒಂದೇ ಕೋರನ್ನು (ಕೊಳವೆಯನ್ನು ನೇರ ಕೆಳಕ್ಕೆ ಒತ್ತಿ ತೆಗೆದ ಕೆಸರಿನ ಕಂಬವನ್ನು) ಮೂರು ಪಾಲು ಮಾಡಿ ಅವನ್ನು ಮೂರು ಪುನರಾವರ್ತನೆಗಳೆಂದು ಲೆಕ್ಕ ಹಾಕುವುದು ತಪ್ಪು.

ಉಪ್ಪು ಕಟ್ಟುವ ಕೊಳದ ತಳವನ್ನು ಕೊಯ್ಲಿನ ಹೊತ್ತಿನಲ್ಲಿ ಕೆರೆಯುತ್ತಾರೆ, ತುಳಿದು ಗಟ್ಟಿ ಮಾಡುತ್ತಾರೆ, ಕೆಲವೊಮ್ಮೆ ಪೂರ್ತಿ ಒಣಗಿಸುತ್ತಾರೆ. ಕೊನೆಯ ಬಾರಿ ಹೀಗೆ ಮಾಡಿದ್ದು ಯಾವಾಗ ಎಂಬುದನ್ನು ಅಲ್ಲಿ ಕೆಲಸ ಮಾಡುವವರಿಂದ ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಮೊನ್ನೆ ಕೆರೆದ ತಳದಲ್ಲಿ ಪದರಗಳು ಕಾಣದಿದ್ದರೆ ಅದಕ್ಕೆ ಜೀವಿಗಳು ಹೊಣೆಯಲ್ಲ. ಜಾಗದ ಒಡೆಯರ ಅನುಮತಿಯ ಜೊತೆಗೆ, ಮಾದರಿಯನ್ನು ಬೇರೆ ದೇಶಕ್ಕೆ ಕಳುಹಿಸುವುದಾದರೆ ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭ ಹಂಚಿಕೆ ಕುರಿತು 2014ರಲ್ಲಿ ಜಾರಿಗೆ ಬಂದ ನಗೋಯಾ ಒಡಂಬಡಿಕೆಯಡಿ ಆಯಾ ದೇಶ ರೂಪಿಸಿಕೊಂಡಿರುವ ನಿಯಮಗಳನ್ನೂ ಮೊದಲೇ ನೋಡಿಕೊಳ್ಳಬೇಕು.

ಎರಡನೆಯ ಹಂತ: ಉಪ್ಪಿನ ಅಳತೆ

ಸಮುದ್ರ ವಿಜ್ಞಾನದಲ್ಲಿ ಬಳಸುವ ಪ್ರಾಯೋಗಿಕ ಲವಣಾಂಶ ಮಾಪಕವು 2ರಿಂದ 42ರವರೆಗೆ ಮಾತ್ರ ಅನ್ವಯಿಸುತ್ತದೆ. ಅದರಾಚೆಗೆ ವಿದ್ಯುತ್ ವಾಹಕತೆಯ ಮೀಟರ್ ತೋರಿಸುವ ಲವಣಾಂಶದ ಅಂಕಿಯನ್ನು ನಂಬುವಂತಿಲ್ಲ. ಉಪ್ಪು ದಟ್ಟವಾದಂತೆ ವಾಹಕತೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನೀರಿನಲ್ಲಿ ಬೆಳಕು ಬಾಗುವ ಪ್ರಮಾಣದಿಂದ ಉಪ್ಪನ್ನು ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಕೊಳದ ಬದಿಯಲ್ಲಿ ಸಾಕಷ್ಟು ಒಳ್ಳೆಯ ಸಾಧನ. ಅದರ ಮಾಪಕವನ್ನು ಮೀರುವ ನೀರನ್ನು ತೂಕ ಮಾಡಿ, ಗೊತ್ತಾದ ಪ್ರಮಾಣದ ಭಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ಅಳೆಯಬೇಕು. ಆಗರಗಳಲ್ಲಿ ಸಾಂದ್ರತೆಯನ್ನು ಬೋಮೆ ಡಿಗ್ರಿಯಲ್ಲಿ ನೋಡುವ ರೂಢಿಯಿದೆ, ಸುಮಾರು 25.5 ಡಿಗ್ರಿಯಲ್ಲಿ ಉಪ್ಪು ಹರಳುಗಟ್ಟಲು ತೊಡಗುತ್ತದೆ. ಅವರು ಇಟ್ಟಿರುವ ದಿನವಹಿ ಲೆಕ್ಕ ಸಿಕ್ಕರೆ ಅದನ್ನು ಬಿಡಬಾರದು: ನೀವು ಹೋದ ದಿನದ ಒಂದು ಅಳತೆಗಿಂತ ಹಿಂದಿನ ಕೆಲವು ತಿಂಗಳುಗಳ ಏರಿಳಿತವೇ ಕೆಸರಿನ ಜೀವಿಗಳನ್ನು ಹೆಚ್ಚು ಚೆನ್ನಾಗಿ ವಿವರಿಸುತ್ತದೆ.

ಅಳೆಯಬೇಕಾದ್ದು ಮೇಲಿನ ನೀರನ್ನಷ್ಟೇ ಅಲ್ಲ. ಮಳೆಯಾದ ಮೇಲೆ ಮೇಲಿನ ನೀರು ತೆಳುವಾಗಿದ್ದರೂ ಕಣಗಳ ನಡುವೆ ಸಿಕ್ಕಿಕೊಂಡ ನೀರು ಹಳೆಯ ಉಪ್ಪನ್ನು ಬಹುಕಾಲ ಉಳಿಸಿಕೊಂಡಿರುತ್ತದೆ. ಪ್ರತಿ ಪದರದ ಕೆಸರನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಬೇರ್ಪಟ್ಟ ನೀರಿನ ಉಪ್ಪನ್ನು ಅಳೆದು, ಆ ಅಂಕಿಯನ್ನೇ ಪದರದ ಲವಣಾಂಶವೆಂದು ಬರೆಯಬೇಕು. ಉಷ್ಣತೆಯನ್ನೂ ತಳದಲ್ಲೇ ನೋಡಬೇಕು. ಮೇಲೆ ತೆಳು ನೀರು, ಕೆಳಗೆ ದಟ್ಟ ನೀರು ನಿಂತ ಕೊಳದಲ್ಲಿ ಬಿಸಿಲಿನ ಶಾಖ ಕೆಳಪದರದಲ್ಲೇ ಸೆರೆಯಾಗುವುದರಿಂದ ತಳ ಮೇಲ್ಮೈಗಿಂತ ಬಿಸಿಯಾಗಿರಬಹುದು.

ಒಟ್ಟು ಉಪ್ಪು ಎಷ್ಟು ಎಂಬುದರಷ್ಟೇ ಯಾವ ಉಪ್ಪು ಎಂಬುದೂ ಮುಖ್ಯ. ಸೋಡಿಯಂ ಕ್ಲೋರೈಡ್ ಪೂರ್ತಿ ಕರಗಿ ತುಂಬಿದ ನೀರಿನ ಜಲಚಟುವಟಿಕೆ (ಜೀವಿಗಳಿಗೆ ದಕ್ಕುವ ನೀರಿನ ಅಳತೆ, ಶುದ್ಧ ನೀರಿಗೆ 1) ಸುಮಾರು 0.75, ಅದರಲ್ಲಿ ಆರ್ಕಿಯಾಗಳು ಸೊಂಪಾಗಿ ಬೆಳೆಯುತ್ತವೆ. ಉಪ್ಪು ತೆಗೆದ ನಂತರ ಉಳಿಯುವ ಮೆಗ್ನೀಸಿಯಂ ತುಂಬಿದ ನೀರು ಪ್ರೋಟೀನ್ ಮತ್ತು ಪೊರೆಗಳ ರಚನೆಯನ್ನೇ ಸಡಿಲಿಸುವುದರಿಂದ ಅಲ್ಲಿ ಬದುಕು ಬಹಳ ಕಷ್ಟ. ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಸಲ್ಫೇಟ್, ಇವಿಷ್ಟನ್ನಾದರೂ ಪ್ರಯೋಗಾಲಯದಲ್ಲಿ ಅಳೆಸಬೇಕು.

ಮೂರನೆಯ ಹಂತ: ಕೋರ್ ತೆಗೆಯುವುದು

ಮೆತ್ತನೆಯ ಕೆಸರಿಗೆ ಮೂತಿಯನ್ನು ಕತ್ತರಿಸಿ ತೆಗೆದ 50 ಮಿಲಿಲೀಟರ್ ಸಿರಿಂಜ್ ಸಾಕು. ಪಿಸ್ಟನ್ನನ್ನು ಕೆಸರಿನ ಮೇಲ್ಮೈ ಮಟ್ಟದಲ್ಲೇ ಹಿಡಿದುಕೊಂಡು ಹೊರಕೊಳವೆಯನ್ನು ನಿಧಾನವಾಗಿ ಕೆಳಗೆ ಒತ್ತಿದರೆ ಪದರಗಳು ಕುಸಿಯದೆ ಒಳಬರುತ್ತವೆ. ಇನ್ನೂ ಆಳಕ್ಕೆ ಹೋಗಲು ಪಾರದರ್ಶಕ ಅಕ್ರಿಲಿಕ್ ಕೊಳವೆ, ಮೇಲೂ ಕೆಳಗೂ ರಬ್ಬರ್ ಬಿರಡೆ ಬೇಕು. ಜಿಪ್ಸಂ ಕಟ್ಟಿದ ತಳ ಕೊಳವೆಗೆ ಬಗ್ಗುವುದಿಲ್ಲ. ಅದನ್ನು ಉಳಿಯಿಂದ ಹಲಗೆಯಾಗಿ ಎಬ್ಬಿಸಿ, ಮೇಲುಮುಖ ಯಾವುದೆಂದು ಗುರುತು ಹಾಕಿ, ಅದೇ ಕೊಳದ ನೀರಿನಲ್ಲಿ ಮುಳುಗಿಸಿ ಒಯ್ಯಬೇಕು.

ಜಿಪ್ಸಂ ಹಲಗೆಯನ್ನು ಮುರಿದ ಕೂಡಲೇ ಅದರ ಅಡ್ಡಕೊಯ್ತವನ್ನು ಚೆನ್ನಾಗಿ ನೋಡಬೇಕು. ಮೇಲ್ಗಡೆ ತೀಕ್ಷ್ಣ ಬೆಳಕನ್ನು ತಡೆದುಕೊಳ್ಳುವ ಸಯನೋಬ್ಯಾಕ್ಟೀರಿಯಾಗಳ ಕಿತ್ತಳೆ ಕಂದು ಪಟ್ಟೆ, ಅದರಡಿ ಎಳೆಎಳೆಯಾದ ಸಯನೋಬ್ಯಾಕ್ಟೀರಿಯಾಗಳ ಕಡುಹಸಿರು, ಅದರಡಿ ಸಲ್ಫೈಡನ್ನು ಬಳಸಿ ದ್ಯುತಿಸಂಶ್ಲೇಷಣೆ ನಡೆಸುವ ನೇರಳೆ ಗಂಧಕ ಬ್ಯಾಕ್ಟೀರಿಯಾಗಳ ಪಟ್ಟೆ, ಕೊನೆಗೆ ಕಬ್ಬಿಣದ ಸಲ್ಫೈಡಿನಿಂದ ಕಪ್ಪಾದ ಕೆಸರು: ಇಷ್ಟೂ ಕೆಲವೇ ಸೆಂಟಿಮೀಟರಿನೊಳಗೆ ಸಿಗುತ್ತವೆ. ಗಾಳಿಗೆ ತೆರೆದ ಕಪ್ಪು ಪದರ ಆಕ್ಸೀಕರಣಗೊಂಡು ಕಂದುಬಣ್ಣಕ್ಕೆ ತಿರುಗತೊಡಗುತ್ತದೆ, ಪಟ್ಟೆಗಳ ಗಡಿ ಮಸುಕಾಗುತ್ತದೆ. ಆದ್ದರಿಂದ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆಯುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು. ಸೂಕ್ಷ್ಮ ಎಲೆಕ್ಟ್ರೋಡ್ ಲಭ್ಯವಿದ್ದರೆ ಆಮ್ಲಜನಕ ಎಷ್ಟು ಆಳದಲ್ಲಿ ಮುಗಿಯುತ್ತದೆ ಎಂದು ಅಲ್ಲೇ ಅಳೆಯುವುದು ಉತ್ತಮ, ಆದರೆ ಎಲೆಕ್ಟ್ರೋಡನ್ನು ಅದೇ ಕೊಳದ ನೀರಿನಲ್ಲಿ ಹೊಂದಿಸಿಕೊಳ್ಳಬೇಕು. ದಟ್ಟ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವೇ ಸಿಹಿನೀರಿನ ಕಾಲುಭಾಗದ ಆಸುಪಾಸಿಗೆ ಇಳಿದಿರುತ್ತದೆ.

ಪದರಗಳನ್ನು ಬಣ್ಣಕ್ಕನುಗುಣವಾಗಿ ಕತ್ತರಿಸಬೇಕೋ, ಸಮನಾದ ದಪ್ಪಕ್ಕೋ ಎಂಬ ಪ್ರಶ್ನೆ ಪ್ರತಿ ಬಾರಿಯೂ ಏಳುತ್ತದೆ. ಮೇಲಿನ 2 ಸೆಂಟಿಮೀಟರನ್ನು ಬಣ್ಣದ ಪ್ರಕಾರವೂ ಅದರ ಕೆಳಗಿನದನ್ನು 1 ಅಥವಾ 2 ಸೆಂಟಿಮೀಟರಿನ ತುಂಡುಗಳಾಗಿಯೂ ಕತ್ತರಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಮೇಲ್ಭಾಗವನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿದರೆ ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಸಮುದಾಯಗಳು ಒಂದೇ ಕೊಳವೆಯಲ್ಲಿ ಬೆರೆತುಹೋಗುತ್ತವೆ.

ಕೊಳಕ್ಕೆ ಇಳಿಯುವವರು ಗಟ್ಟಿ ಅಟ್ಟೆಯ ಬೂಟು, ಕೈಗವಸು, ಕಪ್ಪು ಕನ್ನಡಕ ಧರಿಸಿರಬೇಕು. ಜಿಪ್ಸಂ ಹರಳು ಚರ್ಮವನ್ನು ಸೀಳುತ್ತದೆ, ಆ ಗಾಯಕ್ಕೆ ಉಪ್ಪುನೀರು ತಾಗುತ್ತದೆ. ಕಪ್ಪು ಕೆಸರಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ವಿಷಾನಿಲ, ಮತ್ತು ಅದರ ಪ್ರಮಾಣ ಏರಿದಾಗ ಮೂಗು ವಾಸನೆಯನ್ನೇ ಗ್ರಹಿಸದಂತಾಗುವುದರಿಂದ ವಾಸನೆ ನಿಂತಿತೆಂದು ನಿಶ್ಚಿಂತರಾಗಬಾರದು. ಮುಚ್ಚಿದ ವಾಹನದೊಳಗೂ ಸಣ್ಣ ಕೋಣೆಯಲ್ಲೂ ಕೋರುಗಳನ್ನು ತೆರೆಯಬಾರದು.

ನಾಲ್ಕನೆಯ ಹಂತ: ಮಾದರಿಯ ಹಂಚಿಕೆ ಮತ್ತು ಒಣತೂಕ

ಪ್ರತಿ ಪದರವನ್ನು ನಾಲ್ಕು ಪಾಲು ಮಾಡಬೇಕು. ಡಿಎನ್‌ಎಗೆ ಮೀಸಲಾದ ಪಾಲು ಸ್ಥಳದಲ್ಲೇ ದ್ರವ ಸಾರಜನಕದಲ್ಲಿ ಅಥವಾ ಒಣ ಮಂಜಿನಲ್ಲಿ ಹೆಪ್ಪುಗಟ್ಟಿ, ಬಳಿಕ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ಗೆ ಹೋಗಬೇಕು. ದಟ್ಟ ಉಪ್ಪುನೀರು ಮೈನಸ್ 20 ಡಿಗ್ರಿಯಲ್ಲಿ ಪೂರ್ತಿ ಗಟ್ಟಿಯಾಗದಿರುವ ಸಂಭವ ಇರುವುದರಿಂದ ಸಾಮಾನ್ಯ ಫ್ರೀಜರನ್ನು ನೆಚ್ಚಿಕೊಳ್ಳುವಂತಿಲ್ಲ. ಕೃಷಿಗೆ, ಅಂದರೆ ಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದಕ್ಕೆ, ಬೇಕಾದ ಪಾಲನ್ನು ಹೆಪ್ಪುಗಟ್ಟಿಸದೆ, ಗಾಳಿಗೆ ಎಡೆಯಿಲ್ಲದಂತೆ ಕೊಳವೆಯನ್ನು ಬಾಯಿಮಟ್ಟ ತುಂಬಿ ತಂಪಿನಲ್ಲಿಡಬೇಕು. ಸಲ್ಫೈಡಿನ ಪಾಲಿಗೆ ಕೂಡಲೇ ಜಿಂಕ್ ಅಸಿಟೇಟ್ ಸೇರಿಸಬೇಕು. ನಾಲ್ಕನೆಯದು ತೂಕಕ್ಕೆ.

ಒಣತೂಕದ ಲೆಕ್ಕದಲ್ಲಿ ಎಡವುವವರು ಬಹಳ ಮಂದಿ. ಕೆಸರನ್ನು ಒಣಗಿಸಿದಾಗ ನೀರು ಮಾತ್ರ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಉಳಿದು ತೂಕಕ್ಕೆ ಸೇರಿಕೊಳ್ಳುತ್ತದೆ. 10 ಗ್ರಾಂ ಹಸಿ ಕೆಸರು ಒಣಗಿ 6 ಗ್ರಾಂ ಆಯಿತು ಎಂದುಕೊಳ್ಳೋಣ. ಹೋದ ನೀರು 4 ಗ್ರಾಂ. ಕಣಗಳ ನಡುವಣ ನೀರಿನಲ್ಲಿ ತೂಕದ ಲೆಕ್ಕಕ್ಕೆ ಶೇ 25ರಷ್ಟು ಉಪ್ಪಿದ್ದರೆ, ಆ 4 ಗ್ರಾಂ ನೀರು ಇದ್ದದ್ದು 5.33 ಗ್ರಾಂ ಉಪ್ಪುನೀರಿನಲ್ಲಿ, ಉಳಿದ ಉಪ್ಪು 1.33 ಗ್ರಾಂ. ಅಂದರೆ ನಿಜವಾದ ಕೆಸರಿನ ತೂಕ 6 ಗ್ರಾಂ ಅಲ್ಲ, 4.67 ಗ್ರಾಂ. ಈ ತಿದ್ದುಪಡಿ ಮಾಡದೆ ಗ್ರಾಮಿಗೆ ಇಷ್ಟು ಜೀವಕೋಶ ಎಂದು ಬರೆದರೆ ಉಪ್ಪು ಹೆಚ್ಚಿದ ಕೊಳದಲ್ಲಿ ಜೀವಿಗಳು ಸುಮ್ಮನೆ ಕಡಿಮೆಯಾದಂತೆ ಕಾಣುತ್ತವೆ. ಜಿಪ್ಸಂ ಇರುವ ಕೆಸರನ್ನು ಎಂದಿನಂತೆ 105 ಡಿಗ್ರಿಯಲ್ಲಿ ಒಣಗಿಸಲೂಬಾರದು. ಜಿಪ್ಸಮ್ಮಿನ ತೂಕದ ಸುಮಾರು ಐದನೆಯ ಒಂದು ಭಾಗ ಹರಳಿನೊಳಗಿನ ನೀರೇ ಆಗಿದ್ದು, ಆ ಶಾಖಕ್ಕೆ ಅದೂ ಹೊರಟುಹೋಗುತ್ತದೆ. 40 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಕಾಯುವುದು ಕ್ಷೇಮ.

ಐದನೆಯ ಹಂತ: ಡಿಎನ್‌ಎ ಹೊರತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಉಪ್ಪು ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕಿಣ್ವಕ್ಕೆ ಅಡ್ಡಿ ಮಾಡುತ್ತದೆಂದು ಓದಿದವರು ಮೊದಲು ಮಾಡುವ ಕೆಲಸ ಕೆಸರನ್ನು ಭಟ್ಟಿ ಇಳಿಸಿದ ನೀರಿನಲ್ಲೋ ಸಾಮಾನ್ಯ ಬಫರಿನಲ್ಲೋ ತೊಳೆಯುವುದು. ಇದರಿಂದ ಆಗುವ ಹಾನಿಯನ್ನು ಸೂಕ್ಷ್ಮದರ್ಶಕದಡಿ ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು. ಸ್ಲೈಡಿನ ಮೇಲೆ ಕೊಳದ ನೀರಿನ ಒಂದು ಹನಿ ಇಟ್ಟು, ಮುಚ್ಚುಗಾಜಿನ ಅಂಚಿಗೆ ಸಿಹಿನೀರಿನ ಒಂದು ಹನಿ ತಾಗಿಸಿ. ಸಿಹಿನೀರು ಹರಿದು ಬಂದ ದಿಕ್ಕಿನಿಂದ ಕಡ್ಡಿಯಾಕಾರದ, ಚೌಕಾಕಾರದ ಕೋಶಗಳು ಉಬ್ಬಿ ದುಂಡಗಾಗುತ್ತವೆ, ಮರುಗಳಿಗೆಯಲ್ಲಿ ಇಲ್ಲವಾಗುತ್ತವೆ. ಹ್ಯಾಲೊಆರ್ಕಿಯಾಗಳು, ಅಂದರೆ ಅತಿ ಉಪ್ಪಿನಲ್ಲಿ ಬೆಳೆಯುವ ಆರ್ಕಿಯಾಗಳು, ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿಕೊಂಡು ಹೊರಗಿನ ಉಪ್ಪಿಗೆ ಸಮತೂಕ ಕಂಡುಕೊಂಡಿರುವ ಜೀವಿಗಳು. ಹೊರಗಿನ ಉಪ್ಪು ಹಠಾತ್ತಾಗಿ ಇಳಿದರೆ ಅವುಗಳ ಕೋಶ ಒಡೆದು, ಡಿಎನ್‌ಎ ನೀವು ಚೆಲ್ಲುವ ತೊಳೆದ ನೀರಿನ ಪಾಲಾಗುತ್ತದೆ. ಗ್ಲೈಸಿನ್ ಬೀಟೈನ್, ಎಕ್ಟೊಯಿನ್ ಮುಂತಾದ ಸಾವಯವ ದ್ರವ್ಯಗಳಿಂದ ಸಮತೂಕ ಕಾಯ್ದುಕೊಳ್ಳುವ ಬಹುಪಾಲು ಬ್ಯಾಕ್ಟೀರಿಯಾಗಳು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಹೀಗಾಗಿ ತೊಳೆದ ಮಾದರಿಯಲ್ಲಿ ಆರ್ಕಿಯಾ ಕಡಿಮೆ, ಬ್ಯಾಕ್ಟೀರಿಯಾ ಹೆಚ್ಚು ಎಂಬ ಸುಳ್ಳು ಚಿತ್ರ ಮೂಡುತ್ತದೆ.

ತೊಳೆಯಲೇಬೇಕಾದರೆ ಆ ಪದರದಷ್ಟೇ ಉಪ್ಪಿರುವ, ಮೆಗ್ನೀಸಿಯಂ ಸೇರಿದ ದ್ರಾವಣವನ್ನು ಬಳಸಬೇಕು. ಆ ದ್ರಾವಣಕ್ಕೆ ಹಾಕುವ ಉಪ್ಪಿನಲ್ಲೇ ಹ್ಯಾಲೊಆರ್ಕಿಯಾಗಳೂ ಅವುಗಳ ಡಿಎನ್‌ಎಯೂ ಇರಬಹುದು. ಉಪ್ಪಿನ ಹರಳಿನೊಳಗೆ ಸಿಕ್ಕಿಕೊಂಡ ದ್ರವದ ಹನಿಗಳಲ್ಲಿ ಅವು ದೀರ್ಘಕಾಲ ಬದುಕಿರುತ್ತವೆ. ಸೋಡಿಯಂ ಕ್ಲೋರೈಡ್ 801 ಡಿಗ್ರಿಯವರೆಗೆ ಕರಗುವುದಿಲ್ಲವಾದ್ದರಿಂದ ಉಪ್ಪನ್ನು ಮಫಲ್ ಕುಲುಮೆಯಲ್ಲಿ 450 ಡಿಗ್ರಿಗೆ ಕೆಲವು ಗಂಟೆ ಕಾಯಿಸಿ ಬಳಸುವುದು ಸಾಧ್ಯ, ಹಾಗೆ ಮಾಡಲೂಬೇಕು. ದಟ್ಟ ಉಪ್ಪುನೀರಿನಲ್ಲಿ ಕೋಶಗಳು ಸುಲಭವಾಗಿ ತಳಕ್ಕೆ ಕೂರುವುದಿಲ್ಲ, ಆದ್ದರಿಂದ ಗುರುತ್ವದ 10,000 ಪಟ್ಟಿನಲ್ಲಿ 20ರಿಂದ 30 ನಿಮಿಷ ತಿರುಗಿಸಬೇಕು, ಮೇಲಿನ ನೀರನ್ನು ಚೆಲ್ಲುವ ಮೊದಲು ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ನನ್ನ ಸಲಹೆ, ತೊಳೆಯುವ ಗೋಜಿಗೇ ಹೋಗದೆ 0.25ರಿಂದ 0.5 ಗ್ರಾಂ ಕೆಸರನ್ನು ಹೆಚ್ಚಿನ ಪ್ರಮಾಣದ ಲೈಸಿಸ್ ಬಫರಿಗೆ (ಕೋಶಗಳನ್ನು ಒಡೆಯುವ ದ್ರಾವಣಕ್ಕೆ) ನೇರವಾಗಿ ಹಾಕಿ, ಅದೇ ಕೊಳವೆಯಲ್ಲೇ ಕೋಶಗಳನ್ನು ಒಡೆದು, ಉಪ್ಪನ್ನು ಕೊನೆಯಲ್ಲಿ ಸಿಲಿಕಾ ಪೊರೆಯ ಮೇಲೆ ಎಥನಾಲಿನಿಂದ ತೊಳೆದು ತೆಗೆಯುವುದು. ಬಫರಿನಲ್ಲಿ ಇಡಿಟಿಎ ಹೆಚ್ಚಾಗಿರಬೇಕು. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಜಿಪ್ಸಂ ಮತ್ತು ಕಾರ್ಬೊನೇಟ್ ಕಣಗಳನ್ನು ಸಡಿಲಿಸುತ್ತದೆ, ಆ ಕಣಗಳಿಗೆ ಅಂಟಿಕೊಂಡ ಡಿಎನ್‌ಎ ಬಿಡುಗಡೆಯಾಗುತ್ತದೆ. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಸೇರಿಸಿದಾಗ ಕೊಳವೆಯಲ್ಲಿ ಬಿಳಿ ಗಸಿ ಕಟ್ಟಿದರೆ ಅದು ಡಿಎನ್‌ಎ ಅಲ್ಲ. ಅತಿ ಉಪ್ಪಿನಲ್ಲಿ, ಅದರಲ್ಲೂ ಪೊಟ್ಯಾಸಿಯಂ ಇರುವಲ್ಲಿ, ಆ ಮಾರ್ಜಕವೇ ಕರಗದೆ ಬೇರ್ಪಡುತ್ತದೆ ಮತ್ತು ಅದರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಗ ಬಫರಿನ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸಬೇಕು. ಗಟ್ಟಿ ಕೋಶಭಿತ್ತಿಯ ಬ್ಯಾಕ್ಟೀರಿಯಾಗಳನ್ನೂ ಬೀಜಾಣುಗಳನ್ನೂ ಒಡೆಯಲು ಸಣ್ಣ ಮಣಿಗಳೊಡನೆ ಕುಲುಕುವುದು ಅನಿವಾರ್ಯ, ಅದನ್ನು ಬಿಟ್ಟರೆ ಸುಲಭವಾಗಿ ಒಡೆಯುವ ಆರ್ಕಿಯಾಗಳ ಪಾಲು ಉಬ್ಬಿ ಕಾಣುತ್ತದೆ.

ಆರನೆಯ ಹಂತ: ಪಿಸಿಆರ್ ಮತ್ತು ಅನುಕ್ರಮ

ಹೊರತೆಗೆದ ಡಿಎನ್‌ಎಯನ್ನು ಹಾಗೆಯೇ, 10 ಪಟ್ಟು ಮತ್ತು 100 ಪಟ್ಟು ತೆಳುವಾಗಿಸಿ ಪಿಸಿಆರ್ ಮಾಡಬೇಕು. ತೆಳುವಾದದ್ದು ಹೆಚ್ಚು ಚೆನ್ನಾಗಿ ಬಂದರೆ ಅಡ್ಡಿಪಡಿಸುವ ದ್ರವ್ಯ ಉಳಿದಿದೆ ಎಂದರ್ಥ. ಜೀವಿಗಳನ್ನು ಗುರುತಿಸಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನ್‌ಗೆ 27ಎಫ್ ಮತ್ತು 1492ಆರ್ ಎಂಬ ಹಳೆಯ ಪ್ರೈಮರ್ (ಪ್ರತಿ ಮಾಡಬೇಕಾದ ಜಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಜೋಡಿಯನ್ನು ಮಾತ್ರ ಬಳಸಿದರೆ ಆರ್ಕಿಯಾಗಳು ತಪ್ಪಿಹೋಗುತ್ತವೆ. ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎರಡನ್ನೂ ಹಿಡಿಯುವ 515ಎಫ್ ಮತ್ತು 806ಆರ್ ಜೋಡಿಯ ಪರಿಷ್ಕೃತ ರೂಪ ಈ ಕೆಸರಿಗೆ ಹೊಂದುತ್ತದೆ. ಹ್ಯಾಲೊಆರ್ಕಿಯಾಗಳಲ್ಲಿ ಬಹುತೇಕ ಎಲ್ಲವುಗಳ ಜೀನೋಮಿನಲ್ಲಿ ಗ್ವಾನಿನ್ ಮತ್ತು ಸೈಟೊಸಿನ್ ಶೇ 60ಕ್ಕಿಂತ ಹೆಚ್ಚಿದ್ದು ಎಳೆಗಳು ಬಿಡಿಸಿಕೊಳ್ಳುವುದು ಕಷ್ಟ. ಹ್ಯಾಲೊಕ್ವಾಡ್ರೇಟಮ್‌ನಲ್ಲಿ ಅದು ಶೇ 48ರಷ್ಟೇ. ಈ ವ್ಯತ್ಯಾಸದಿಂದ ಒಂದು ಜೀವಿ ಹೆಚ್ಚು, ಮತ್ತೊಂದು ಕಡಿಮೆ ಪ್ರತಿಗೊಳ್ಳದಂತೆ ಡಿಎಂಎಸ್‌ಒ ಅಥವಾ ಬೀಟೈನ್ ಸೇರಿಸುವುದೂ ಆವರ್ತನಗಳನ್ನು ಕಡಿಮೆ ಇಡುವುದೂ ಒಳ್ಳೆಯದು.

ಕೆಸರಿಲ್ಲದ ಖಾಲಿ ಕೊಳವೆಯನ್ನೂ ತೊಳೆಯುವ ಉಪ್ಪುನೀರನ್ನೂ ಮಾದರಿಗಳಂತೆಯೇ ಕೊನೆಯ ಹಂತದವರೆಗೆ ಒಯ್ದು ಅನುಕ್ರಮ (ಡಿಎನ್‌ಎ ಅಕ್ಷರಗಳ ಸಾಲು) ತೆಗೆಸಬೇಕು. ಜೊತೆಗೆ, ಸಂಯೋಜನೆ ಮೊದಲೇ ಗೊತ್ತಿರುವ ಒಂದು ಮಿಶ್ರಣವೂ ಇರಬೇಕು, ಮತ್ತು ಅದರಲ್ಲಿ ಒಂದೆರಡು ಹ್ಯಾಲೊಆರ್ಕಿಯಾ ಸೇರಿರಬೇಕು.

ಫಲಿತಾಂಶ ಎಣಿಸುವಾಗ ಹ್ಯಾಲೊಆರ್ಕ್ಯುಲಾ ಕುಲವನ್ನು ನೆನಪಿಡಿ. ಈ ಕುಲದ ಮಾರಿಸ್ಮಾರ್ಟುಯಿ ಪ್ರಭೇದದ ಒಂದೇ ಕೋಶದಲ್ಲಿರುವ 16ಎಸ್ ಪ್ರತಿಗಳು ಪರಸ್ಪರ ಸುಮಾರು ಶೇ 5ರಷ್ಟು ಭಿನ್ನವಾಗಿವೆ. ಶೇ 97ರಷ್ಟು ಹೋಲುವ ಅನುಕ್ರಮಗಳನ್ನು ಒಂದೇ ಜೀವಿಯೆಂದು ಎಣಿಸುವ ಗಡಿಯಲ್ಲೂ ಒಂದು ಜೀವಿ ಎರಡಾಗಿ ಎಣಿಕೆಗೆ ಬರುತ್ತದೆ, ಪ್ರತಿ ಭಿನ್ನ ಅನುಕ್ರಮವನ್ನೂ ಬೇರೆಯಾಗಿ ಎಣಿಸುವ ಇಂದಿನ ವಿಧಾನದಲ್ಲಂತೂ ಖಂಡಿತ. ಸದಾ ಒಟ್ಟೊಟ್ಟಿಗೆ, ಒಂದೇ ಅನುಪಾತದಲ್ಲಿ ಕಾಣಿಸಿಕೊಳ್ಳುವ ಎರಡು ಹ್ಯಾಲೊಆರ್ಕ್ಯುಲಾ ಅನುಕ್ರಮಗಳನ್ನು ಎರಡು ಪ್ರಭೇದಗಳೆಂದು ಬರೆಯುವ ಮೊದಲು ಇದನ್ನು ಪರಿಶೀಲಿಸಬೇಕು. ಇನ್ನೊಂದು ಎಚ್ಚರ: ಉಪ್ಪು ಡಿಎನ್‌ಎಯನ್ನು ಶಿಥಿಲವಾಗದಂತೆ ಕಾಪಾಡುತ್ತದೆ. ಆಳದ ಕಪ್ಪು ಕೆಸರಿನಲ್ಲಿ ಹ್ಯಾಲೊಕ್ವಾಡ್ರೇಟಮ್ ಸಿಕ್ಕಿತೆಂದರೆ ಅದು ಅಲ್ಲಿ ಬದುಕಿದೆ ಎಂದಾಗುವುದಿಲ್ಲ, ಮೇಲಿನ ನೀರಿನಿಂದ ಸತ್ತು ಇಳಿದದ್ದೂ ಇರಬಹುದು. ಅದೇ ಪದರದ ಆರ್‌ಎನ್‌ಎಯನ್ನೂ ನೋಡಿದರೆ ಈ ಸಂದೇಹಕ್ಕೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಏಳನೆಯ ಹಂತ: ಕೃಷಿ

ಅನುಕ್ರಮ ಸಿಕ್ಕಮೇಲೆ ಕೃಷಿ ಏಕೆ ಎಂದು ಕೇಳುವವರಿಗೆ ಹ್ಯಾಲೊಕ್ವಾಡ್ರೇಟಮ್ ಉದಾಹರಣೆ ಸಾಕು. 1980ರಲ್ಲಿ ಸಿನಾಯ್‌ನ ಉಪ್ಪುಕೊಳದಲ್ಲಿ ಅದನ್ನು ಮೊದಲು ಕಂಡದ್ದು ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಸ್‌ಬಿ. ಪ್ರಯೋಗಾಲಯದಲ್ಲಿ ಅದು ಬೆಳೆದದ್ದು 2004ರಲ್ಲಿ. ಪೋಷಕಾಂಶ ಬಹಳ ಕಡಿಮೆಯಿರುವ ಮಾಧ್ಯಮ ಮತ್ತು ವಾರಗಟ್ಟಲೆ ಕಾಯುವ ತಾಳ್ಮೆಯೇ ಅದನ್ನು ಸಾಧ್ಯವಾಗಿಸಿತು. ತಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ 37 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಇಡಬೇಕು, ಇಲ್ಲವಾದರೆ ಮಾಧ್ಯಮ ಒಣಗಿ ಉಪ್ಪಿನ ಹರಳುಗಳೇ ವಸಾಹತುಗಳಂತೆ ಕಾಣತೊಡಗುತ್ತವೆ. ಕೆಲವು ಪೆಪ್ಟೋನ್‌ಗಳಲ್ಲಿ (ಮಾಧ್ಯಮಕ್ಕೆ ಆಹಾರವಾಗಿ ಹಾಕುವ ಪ್ರೋಟೀನ್ ಚೂರುಗಳಲ್ಲಿ) ಉಳಿದಿರುವ ಪಿತ್ತಾಮ್ಲಗಳು ಹ್ಯಾಲೊಆರ್ಕಿಯಾಗಳನ್ನು ಒಡೆದುಹಾಕುತ್ತವೆ, ಆದ್ದರಿಂದ ಗೊತ್ತಿರುವ ಹ್ಯಾಲೊಆರ್ಕಿಯಾ ತಳಿಯೊಂದನ್ನು ಮೊದಲು ಬೆಳೆಸಿ ನೋಡಿ, ಆಮೇಲೆ ಆ ಪೆಪ್ಟೋನನ್ನು ಬಳಸಬೇಕು. ಕಪ್ಪು ಪದರಕ್ಕೆ ಆಮ್ಲಜನಕರಹಿತ ಕೊಳವೆಗಳು ಬೇಕು. ಸಲ್ಫೇಟ್ ಬಳಸುವವುಗಳಿಗೆ ಲ್ಯಾಕ್ಟೇಟ್ ಅಥವಾ ಹೈಡ್ರೋಜನ್, ಮೀಥೇನ್ ಉತ್ಪಾದಕಗಳಿಗೆ ಟ್ರೈಮಿಥೈಲಮೀನ್ ಆಹಾರ.

ಎಂಟನೆಯ ಹಂತ: ಅರ್ಥೈಸುವುದು

ಯಾವ ಉಪ್ಪಿನಲ್ಲಿ ಯಾವ ಬದುಕು ಸಾಧ್ಯ ಎಂಬುದಕ್ಕೆ ಶಕ್ತಿಯ ಲೆಕ್ಕವೊಂದಿದೆ. ಸೂಕ್ಷ್ಮಜೀವಿ ವಿಜ್ಞಾನಿ ಅಹರೋನ್ ಓರೆನ್ 1999ರಲ್ಲಿ ಇದನ್ನು ವಿಶದವಾಗಿ ಮಂಡಿಸಿದರು. ಉಪ್ಪಿನಲ್ಲಿ ಸಮತೂಕ ಕಾಯ್ದುಕೊಳ್ಳುವುದಕ್ಕೆ ಶಕ್ತಿ ಖರ್ಚಾಗುತ್ತದೆ, ಆಹಾರದಿಂದ ಬರುವ ಶಕ್ತಿ ಅಷ್ಟಿಲ್ಲದಿದ್ದರೆ ಆ ಬಗೆಯ ಜೀವನಕ್ರಮ ನಿಂತುಹೋಗುತ್ತದೆ. ಅಸಿಟೇಟಿನಿಂದ ಅಥವಾ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಮೀಥೇನ್ ಮಾಡುವವು ಹೆಚ್ಚು ಉಪ್ಪಿನಲ್ಲಿ ಕಾಣಿಸುವುದಿಲ್ಲ, ಮಿಥೈಲಮೀನಿನಂಥ ದ್ರವ್ಯಗಳಿಂದ ಮೀಥೇನ್ ಮಾಡುವವು ಉಳಿಯುತ್ತವೆ. ಸಲ್ಫೇಟ್ ಬಳಸುವವುಗಳಲ್ಲೂ ಲ್ಯಾಕ್ಟೇಟನ್ನು ಅರ್ಧಕ್ಕೆ ಉರಿಸಿ ಅಸಿಟೇಟ್ ಬಿಡುವಂಥವೇ ದೂರ ಹೋಗುತ್ತವೆ. ಸೆನೆಗಲ್‌ನ ರೆಟ್ಬಾ ಸರೋವರದ ಕೆಸರಿನಿಂದ ಬೇರ್ಪಡಿಸಿ 1991ರಲ್ಲಿ ವರ್ಣಿಸಿದ ಡಿಸಲ್ಫೋಹ್ಯಾಲೋಬಿಯಂ ರೆಟ್ಬೆಯೆನ್ಸ್ ಶೇ 24ರ ಉಪ್ಪಿನವರೆಗೂ ಬೆಳೆಯುತ್ತದೆ.

ನಿಮ್ಮ ಅನುಕ್ರಮಗಳ ಪಟ್ಟಿಯನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬೇಕು. ಉಪ್ಪು ಹರಳುಗಟ್ಟುವ ಕೊಳದ ಕೆಸರಿನಲ್ಲಿ ಅಸಿಟೇಟಿನಿಂದ ಮೀಥೇನ್ ಮಾಡುವ ಆರ್ಕಿಯಾ ಹೇರಳವಾಗಿ ಕಂಡರೆ ಮೊದಲು ಸೋಂಕನ್ನು, ಆಮೇಲೆ ಸಿಹಿನೀರಿನ ಒಸರನ್ನು ಅನುಮಾನಿಸಿ. ಹಾಗೆಂದು ಲೆಕ್ಕಕ್ಕೆ ಹೊಂದದ ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ಹ್ಯಾಲೊಆರ್ಕಿಯಾಗಳೆಂದರೆ ಆಮ್ಲಜನಕ ಬೇಕೇಬೇಕಾದವು ಅಥವಾ ಅದಿಲ್ಲದಾಗ ಹೇಗೋ ನಿಭಾಯಿಸುವವು ಎಂಬ ನಂಬಿಕೆ ಬಹುಕಾಲ ಇತ್ತು. ಅಸಿಟೇಟನ್ನು ಉರಿಸಿ ಗಂಧಕವನ್ನು ಉಸಿರಾಡುವ, ಆಮ್ಲಜನಕವನ್ನು ಸಹಿಸದ ಹ್ಯಾಲನೇರೊಆರ್ಕಿಯಮ್ ಉಪ್ಪು ಸರೋವರಗಳ ಕೆಸರಿನಿಂದಲೇ ಸಿಕ್ಕ ಮೇಲೆ ಆ ನಂಬಿಕೆ ಬದಲಾಯಿತು.

ಕೊನೆಯ ಹಂತ: ದತ್ತಾಂಶ ಸಲ್ಲಿಕೆ

ಅನುಕ್ರಮಗಳನ್ನು ಸಾರ್ವಜನಿಕ ಸಂಗ್ರಹಕ್ಕೆ ಸಲ್ಲಿಸುವಾಗ ಉಪ್ಪಿನ ಅಂಕಿಯ ಎದುರು ಏಕಕವನ್ನು ತಪ್ಪದೆ ಬರೆಯಬೇಕು. ಶೇ 25 ಎಂಬುದು ತೂಕಕ್ಕೆ ತೂಕವೋ ಗಾತ್ರಕ್ಕೆ ತೂಕವೋ ಎಂಬುದು ಗೊತ್ತಾಗದಿದ್ದರೆ ಆ ಮಾದರಿಯನ್ನು ಬೇರೊಂದು ಕೊಳದೊಡನೆ ಹೋಲಿಸಲು ಬರುವುದಿಲ್ಲ. ಅಳೆದದ್ದು ಮೇಲಿನ ನೀರೋ ಕಣಗಳ ನಡುವಣ ನೀರೋ, ಪದರದ ಆಳ ಮತ್ತು ಬಣ್ಣ, ಪ್ರಧಾನ ಅಯಾನುಗಳು, ತಳದ ಉಷ್ಣತೆ, ಮಾದರಿ ತೆಗೆದ ಹೊತ್ತು, ತೊಳೆದಿದ್ದರೆ ಯಾವ ದ್ರಾವಣದಲ್ಲಿ ಎಂಬ ವಿವರಗಳನ್ನು ಪ್ರತಿ ಮಾದರಿಗೂ ಬೇರೆಬೇರೆಯಾಗಿ ತುಂಬಬೇಕು, ಖಾಲಿ ಕೊಳವೆಗಳ ಅನುಕ್ರಮಗಳನ್ನೂ ಅವುಗಳ ಜೊತೆಗೇ ಸಲ್ಲಿಸಬೇಕು.